ಡೂಲ್ಯಾಲಿಗೆ ಹೋದವರು

ಇಂಗ್ಲೆಂಡಿಗೆ ಕೆಲಸಕ್ಕೆ ಹೋದ ಹೊಸತು. ಆಫೀಸಿನಲ್ಲಿ ಒಬ್ಬರು, ‘ಮ್ಯಾನೇಜರ್ ಹ್ಯಾಸ್ ಗಾನ್ ಡೂಲ್ಯಾಲಿ’ ಅಂದರು. ಯಾವುದೋ ಊರಿಗೆ ಹೋಗಿರಬೇಕು ಅಂದ್ಕೊಂಡು, ‘ವಾಪಸ್ ಬರೋದು ಯಾವಾಗ?’ ಅಂತ ಕೇಳಿಬಿಟ್ಟೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ತಲೆ ಕೆಟ್ಟಿದೆ ಅನ್ನೋದಕ್ಕೆ ಅಲ್ಲಿ ಹಾಗನ್ನುತ್ತಾರಂತೆ. ಇಷ್ಟು ವರ್ಷ ಇಂಗ್ಲಿಷ್ ಓದಿದ್ದೆಲ್ಲ ದಂಡ ಅನ್ನಿಸಿತು.

ಮನೆಗೆ ಬಂದು ಹುಡುಕಿದರೆ, ಡೂಲ್ಯಾಲಿ ನಿಜಕ್ಕೂ ಊರೇ! ನಾಸಿಕದ ಪಕ್ಕದ ದೇವಳಾಲಿ. 1861ರಲ್ಲಿ ಬ್ರಿಟಿಷರು ಅಲ್ಲೊಂದು ಸೇನಾ ಶಿಬಿರ ಕಟ್ಟಿದ್ದರು. ಸೇವೆಯ ಅವಧಿ ಮುಗಿಸಿದ ಬ್ರಿಟಿಷ್ ಸೈನಿಕರು ಹಡಗಿಗಾಗಿ ಅಲ್ಲಿ ಕಾಯುತ್ತಿದ್ದರು. ಸೇನೆಯ ಹಡಗುಗಳು ಹೊರಡುತ್ತಿದ್ದುದು ಚಳಿಗಾಲದ ಕೆಲವು ತಿಂಗಳು ಮಾತ್ರ. ಅದು ತಪ್ಪಿದರೆ ಬೇಸಿಗೆ, ಮಳೆಗಾಲವೆಲ್ಲ ಅಲ್ಲೇ. ಮಾಡಲು ಕೆಲಸವಿಲ್ಲ, ಸೆಕೆ, ಮಲೇರಿಯಾ, ಕುಡಿತ. ಕೆಲವರ ತಲೆ ಕೆಟ್ಟಿತು. ಅದಕ್ಕೆ ಸೈನಿಕರಿಟ್ಟ ಹೆಸರು ‘ಡೂಲ್ಯಾಲಿ ಟ್ಯಾಪ್’. ಈ ಟ್ಯಾಪ್ ನೀರಿನ ನಲ್ಲಿಯಲ್ಲ, ಹಿಂದೂಸ್ತಾನಿಯ ‘ತಪ್’, ಅಂದರೆ ಜ್ವರ. ನಮ್ಮ ‘ತಾಪ’ದ ನೆಂಟ. ಸೈನಿಕರ ಬಾಯಲ್ಲಿ ಈ ಮಾತು ಇಂಗ್ಲೆಂಡ್ ಸೇರಿತು. ಕಾಲಕ್ರಮೇಣ ಜ್ವರ ಬಿಟ್ಟುಹೋಗಿ ಊರಿನ ಹೆಸರಷ್ಟೇ ಉಳಿಯಿತು.

ಮರುದಿನ ಆಫೀಸಿನಲ್ಲಿ ಇದನ್ನೆಲ್ಲ ಹೇಳಿದೆ. ಹಿಂದಿನ ದಿನ ನಕ್ಕವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನನಗೆ ಖುಷಿಯೇನೋ ಆಯ್ತು. ಆದರೆ ಆ ರಾತ್ರಿ, ಊರಿಗೆ ಹೋಗೋಕೆ ಇನ್ನೆಷ್ಟು ತಿಂಗಳು ಅಂತ ಕ್ಯಾಲೆಂಡರ್ ನೋಡುತ್ತಾ ಕೂತಾಗ ನೆನಪಾದದ್ದು ಆಫೀಸಿನವರಲ್ಲ, ದೇವಳಾಲಿಯಲ್ಲಿ ಹಡಗಿನ ದಾರಿ ಕಾಯುತ್ತಿದ್ದ ಆ ಸೈನಿಕರು.