ಮಗನ ಮಿನಿ, ಅದರ ರಬ್ಬರ್ ಮತ್ತ ನಮ್ಮವ್ವನ ನಡಾ

ಹ್ವಾದ ವರ್ಷ ಬ್ಯಾಸಿಗ್ಯಾಗ ನಮ್ಮವ್ವ ಧಾರವಾಡದಿಂದ ಬರ್ಮಿಂಗ್‌ಹ್ಯಾಮಿಗೆ ಬಂದಿದ್ಲು. ಬಂದ ಎರಡನೇ ದಿವಸಾನ ನನ್ನ ಮಗಾ ಅಕಿನ್ನ ತನ್ನ ಹಳೇ ಮಿನಿ ಕಾರಿನ್ಯಾಗ ಗುಡಿಗೆ ಕರಕೊಂಡ ಹೊಂಟಾ. ಅವ್ವ ಮತ್ತ ನನ್ನ ಹೆಂಡ್ತಿ ಹಿಂದ, ನಾ ಮುಂದ. ನಮ್ಮ ಓಣಿ ದಾಟೋದ್ರಾಗ ಒಂದ ಹಂಪ್ ಬಂತು. ‘ಧಡ್’ ಅಂತ ಬಡಿತ ನೋಡ್ರಿ, ಹಿಂದಿನ ಟಾಯರ್ ಬಾಡಿಗೆ ಉಜ್ಜಿ ಸುಟ್ಟ ವಾಸನಿ ಸೈತ ಬಂತು. ಅವ್ವ ನಡಾ ಹಿಡಕೊಂಡ್ಲು.

“ಅಲ್ಲೋ ತಮ್ಮಾ, ನಮ್ಮ ಕಾಲದ ಟಾಂಗಾಕ್ಕೂ ಕೆಳಗ ಪಾಟಾ ಇರ್ತಿದ್ವು. ನಿನ್ನ ಗಾಡಿಗೆ ಸ್ಪ್ರಿಂಗ್ ಇಲ್ಲೇನೋ?”

“ಇಲ್ಲಜ್ಜಿ, ರಬ್ಬರ್ ಅದ” ಅಂದಾ ಮಗಾ, ಸಣ್ಣ ಮಾರಿ ಮಾಡ್ಕೊಂಡ.

ಅಂವಾ ಹೇಳಿದ್ದ ಖರೇನ. ಆದ್ರ ಆ ರಬ್ಬರಿನ ಕಥಿ ಅವಂಗೂ ಪೂರ್ತಿ ಗೊತ್ತಿದ್ದಿಲ್ಲ, ನಂಗೂ ಗೊತ್ತಿದ್ದಿಲ್ಲ. ಗೊತ್ತಿದ್ರ ಅದರ ಹಿಂದಿನ ವಾರ ಅಂವಾ ಹ್ಯಾಕ್ಸಾ ಬ್ಲೇಡ್ ಹಿಡಕೊಂಡ ಗಾಡಿ ಕೆಳಗ ಹೋಗ್ತಿದ್ದಿಲ್ಲ.

ಕಥಿ ಶುರು ಆಗೋದು 1956ರಾಗ. ಸುಯೆಜ್ ಕಾಲುವಿ ಜಗಳಾ ಹತ್ತಿ ಇಂಗ್ಲಂಡಿನ್ಯಾಗ ಪೆಟ್ರೋಲಿಗೆ ರೇಶನ್ ಬಂತು. ಬಿಎಂಸಿ ಕಂಪನಿ ದೊಡ್ಡಾಂವಾ ಲಿಯೊನಾರ್ಡ್ ಲಾರ್ಡ್, ಅಲೆಕ್ ಇಸ್ಸಿಗೊನಿಸ್ ಅನ್ನೋ ಇಂಜಿನಿಯರಗ ಕರದು ಒಂದ ಖರೇವಂದ್ರ ಖರೇ ಸಣ್ಣ ಕಾರ್ ಮಾಡು ಅಂದಾ. ನಮ್ಮ ಅಂಬಾಸಿಡರ್ ಯಾವ ಮಾರಿಸ್ ಆಕ್ಸ್‌ಫರ್ಡಿನಿಂದ ಬಂತೋ, ಅದೂ ಇದೇ ಬಿಎಂಸಿದ್ದ. ಅಂಬಾಸಿಡರಿನ್ಯಾಗ ಇಡೀ ಮನಿ ಮಂದಿ ಲಗ್ನಕ್ಕ ಹೋಗಬಹುದಿತ್ತು. ಇಲ್ಲೆ ಇಸ್ಸಿಗೊನಿಸಗ ಸಿಕ್ಕಿದ್ದು ಹತ್ತ ಫೂಟ ಉದ್ದದ ಜಾಗಾ, ಅದರಾಗ ನಾಲ್ಕ ಮಂದಿ ಆರಾಮ ಕೂಡಬೇಕು.

ಅಂವಾ ಇಂಜಿನ್ ಅಡ್ಡ ತಿರುಗಿಸಿ ಇಟ್ಟಾ, ಗೇರ್‌ಬಾಕ್ಸ್ ಅದರ ಕೆಳಗ ತುರುಕಿದಾ, ಗಾಲಿ ಹತ್ತ ಇಂಚಿಗೆ ಇಳಿಸಿದಾ. ಈಗ ಸ್ಪ್ರಿಂಗ್ ಎಲ್ಲಿಡೋದು? ಜಾಗಾನ ಉಳದಿಲ್ಲ. ಇನ್ನೊಂದ ತಾಪತ್ರಯನೂ ಇತ್ತು. ಖಾಲಿ ಗಾಡಿ ಬರೇ 600 ಕಿಲೋ ಆಸುಪಾಸು. ನಾಲ್ಕ ಮಂದಿ ಹತ್ತಿದ್ರ ಹತ್ರಹತ್ರ 300 ಕಿಲೋ, ಅಂದ್ರ ಗಾಡಿ ಅರ್ಧದಷ್ಟ ಭಾರ ಒಮ್ಮೆಲೆ ಮ್ಯಾಲೆ ಬೀಳ್ತದ. ಮೆತ್ತನ ಸ್ಪ್ರಿಂಗ್ ಹಾಕಿದ್ರ ಮಂದಿ ಹತ್ತಿದ ಕೂಡ್ಲೆ ಗಾಡಿ ಕೆಳಗ ಕೂತ ಬಿಡ್ತದ, ಗಟ್ಟಿ ಹಾಕಿದ್ರ ಒಬ್ಬನ ಹೊಂಟಾಗ ಹಲ್ಲ ಉದರ್ತಾವ.

ಅದಕ್ಕ ಉತ್ತರಾ ಕೊಟ್ಟಾಂವಾ ಅಲೆಕ್ಸ್ ಮೌಲ್ಟನ್. ಬ್ರ್ಯಾಡ್‌ಫರ್ಡ್-ಆನ್-ಏವನ್ ಅನ್ನೋ ಊರಾಗ 1848ರಿಂದ ರಬ್ಬರ್ ಕಾರಖಾನಿ ನಡಿಸಿದ ಮನೆತನದ ಹುಡಗ. ಆಳಿಕಿ ಆಕಾರದ ಎರಡ ಲೋಹದ ನಡುವ ದಪ್ಪ ರಬ್ಬರ್ ಕೂಡಿಸಿದಾ. ನಮ್ಮ ಮನಿ ಲೋಡಿಗೆ ಒರಗಿದಂಗ ತಿಳ್ಕೊಳ್ರಿ: ಮೊದಲ ಮೆತ್ತಗ, ಒತ್ತಿದಷ್ಟೂ ಗಟ್ಟಿ. ಒಬ್ಬಾಂವ ಕೂತಾಗ ಒಂದ ಥರಾ, ನಾಲ್ಕ ಮಂದಿ ಕೂತಾಗ ಇನ್ನೊಂದ ಥರಾ. ಮುಷ್ಟಿಯಷ್ಟ ಜಾಗಾದಾಗ ಆ ಪ್ರಶ್ನೆ ಮುಗೀತು. 1959ರ ಆಗಸ್ಟ್ 26ಕ್ಕ ಮಿನಿ ಪ್ಯಾಟಿಗೆ ಬಂತು.

ನಡುವ 1964ರಾಗ ರಬ್ಬರಿನ ಜೋಡಿ ನೀರು ತುಂಬಿದ ಹೈಡ್ರೊಲಾಸ್ಟಿಕ್ ಹಾಕಿದ್ರು, ಮುಂದಿನ ಗಾಲಿ ಏರಿದ್ರ ಪೈಪಿನ್ಯಾಗಿಂದ ಹಿಂದಿನ ಗಾಲಿಗೂ ಸುದ್ದಿ ಮುಟ್ಟಬೇಕು ಅಂತ. ಖರ್ಚ ಜಾಸ್ತಿ ಆತು. 1969ರಿಂದ ಮತ್ತ ಒಣಾ ರಬ್ಬರಿಗೇ ತಿರುಗಿ ಬಂದ್ರು. ನನ್ನ ಮಗನ ಗಾಡಿ 1978ರದು, ಹಿಂಗಾಗಿ ಅದರಾಗ ರಬ್ಬರ್.

ಇನ್ನ ಗಾಡಿ ಇಳಿಸೋ ಹುಚ್ಚ ಎಲ್ಲಿಂದ ಬಂತು? ರೇಸಿನಿಂದ. ಇಸ್ಸಿಗೊನಿಸ್ ಗೆಳೆಯಾ ಜಾನ್ ಕೂಪರ್ 1961ರಾಗ ಮಿನಿ ಕೂಪರ್ ಮಾಡಿಸಿದಾ. 1964, 1965, 1967 ಹಿಂಗ ಮೂರ ಸಲಾ ಮಿನಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದತು. ರೇಸ್ ಟ್ರ್ಯಾಕಿನ ಮಂದಿ ನೋಡಿದ್ರು: ಗಾಡಿ ನೆಲಕ್ಕ ಹತ್ರ ಇದ್ದಷ್ಟೂ ತಿರುವಿನ್ಯಾಗ ವಾಲೋದು ಕಮ್ಮಿ. ರಬ್ಬರಿಗೂ ಗಾಲಿ ತೋಳಿಗೂ ನಡುವ ಅಲ್ಯುಮಿನಿಯಂದು ಕಹಳಿ ಆಕಾರದ ತುಂಡೊಂದ ಇರ್ತದ, ಅದಕ್ಕ ಟ್ರಂಪೆಟ್ ಅಂತಾರ. ಅದನ್ನ ಒಂಚೂರ ಕೊಯ್ದ ಗಿಡ್ಡ ಮಾಡಿದ್ರ ಗಾಡಿ ಕೆಳಗ ಬರ್ತದ. ಹೊಸಾ ಭಾಗ ಬ್ಯಾಡ, ರೊಕ್ಕ ಬ್ಯಾಡ. ಹುಡುಗುರಿಗೆ ಇನ್ನೇನ ಬೇಕು?

ನಮ್ಮಾಂವಾನೂ ಅದನ್ನ ಮಾಡಿದಾ. ನಾಲ್ಕೂ ಟ್ರಂಪೆಟ್ಟಿನಿಂದ ಸಮಾ ಸಮಾ 10 ಮಿಲಿಮೀಟರ್ ಕೊಯ್ದಾ. ಇಲ್ಲೇ ಲೆಕ್ಕಾ ತಪ್ಪಿದ್ದು. ತೋಳಿನ ಸನ್ನಿ ಲೆಕ್ಕದಾಗ ಮುಂದ ಕೊಯ್ದದ್ದು ಗಾಲಿ ಹತ್ರ ಸುಮಾರ ಮೂರ ಪಟ್ಟ ಆಗ್ತದ, ಹಿಂದ ಸುಮಾರ ಐದ ಪಟ್ಟ. ಮುಂದ 30 ಮಿಲಿಮೀಟರ್ ಇಳೀತು, ಹಿಂದ 50! ಅದರ ಮ್ಯಾಲೆ ಹಳೇ ರಬ್ಬರ್ ವಯಸ್ಸಾಗಿ ತಾನ ಕುಗ್ಗಿ ಕೂತಿತ್ತು, ಅಂದ್ರ ಗಾಡಿ ಮೊದಲ ಇಳದಿತ್ತು. ಇಳದದ್ದನ್ನ ಇವಾ ಮತ್ತ ಇಳಿಸಿದಾ.

ನಂಗ ತಿಳೀಲಾರದ ಇನ್ನೊಂದ ಮಾತಂದ್ರ, ಕೊಯ್ದ್ರ ರಬ್ಬರ್ ಏನ ಗಟ್ಟಿ ಆಗೂದಿಲ್ಲ. ಅದರ ಮ್ಯಾಲಿನ ಭಾರ ಅಷ್ಟ ಇರ್ತದ. ಕಮ್ಮಿ ಆಗೋದು ಗಾಲಿಗೆ ಮ್ಯಾಲೆ ಏರಲಿಕ್ಕೆ ಇರೋ ಜಾಗಾ. ರೇಸಿನ್ಯಾಗ ಸಪಾಟ ರಸ್ತೆ, ಒಳಗ ಒಬ್ಬನ ಡ್ರೈವರ್, ಅವಂಗ ಅಷ್ಟ ಜಾಗಾ ಸಾಕು. ಮೌಲ್ಟನ್ ಇಟ್ಟ ಜಾಗಾ ಇದ್ದದ್ದ ಹಿಂದಿನ ಸೀಟಿನ್ಯಾಗ ಕೂತಾವ್ರ ಸಲುವಾಗಿ. ಮಗಾ ಕೊಯ್ದದ್ದು ಅಲ್ಯುಮಿನಿಯಂ ಅಲ್ಲ, ಅವರ ಅಜ್ಜಿ ಪಾಲಿನ ಜಾಗಾ.

ಇದನ್ನ ಹೇಳಿ ಬೈಬೇಕು ಅಂತ ಬಾಯಿ ತನಕಾ ಬಂದಿತ್ತು. ಆದ್ರ ಓದ್ಕೋತ ಹೋದಂಗ ಇಸ್ಸಿಗೊನಿಸಂದ ಇನ್ನೊಂದ ಸುದ್ದಿ ಸಿಕ್ತು. ಅಂವಾನೂ ಹುಡಗಿದ್ದಾಗ ಒಂದ ಆಸ್ಟಿನ್ ಸೆವೆನ್ ತೊಗೊಂಡ ಬಿಚ್ಚಿ, ಬದಲಿಸಿ, ರೇಸಿಗೆ ಓಡಿಸಿದಾಂವನ. ಆಮ್ಯಾಲೆ ಗೆಳೆಯಾ ಜಾರ್ಜ್ ಡೌಸನ್ ಜೋಡಿ ವರ್ಷಗಟ್ಟಲೆ ಕೈಲೆ ಒಂದ ಸಣ್ಣ ರೇಸ್ ಗಾಡಿ ಕಟ್ಟಿದಾ, ಅದರ ಸಸ್ಪೆನ್ಶನ್ನಿಗೂ ರಬ್ಬರನ ಹಾಕಿದ್ದಾ. ಹಿಂಗಿದ್ದಾಂವಾ ಮುಂದ ನಾಲ್ಕ ಮಂದಿ ಗಾಡಿ ಮಾಡಿದಾ. ಬೈಗಳಾ ನುಂಗಿಕೊಂಡೆ.

“ಅಪ್ಪಾ, ಮೊದಲಿನಂಗ ಮಾಡಿಬಿಡ್ಲಿ?” ಅಂದಾ ಮಗಾ.

“ಪೂರ್ತಿ ಬ್ಯಾಡ. ಲೆಕ್ಕಾ ಮಾಡಿ ಇಳಸು” ಅಂದೆ.

ನಾಲ್ಕೂ ಹೊಸಾ ರಬ್ಬರ್ ತರಿಸಿದ್ವಿ. ಕೊಯ್ದ ಟ್ರಂಪೆಟ್ ತಗದು, ಪಾನಾ ಹಚ್ಚಿ ತಿರುವಿದ್ರ ಉದ್ದ-ಗಿಡ್ಡ ಆಗೋ ಸ್ಕ್ರೂ ಥರದ್ದು ಹಾಕಿದ್ವಿ. ಅದಕ್ಕ ತಕ್ಕ ಗಿಡ್ಡ ಶಾಕ್ ಅಬ್ಸಾರ್ಬರ್ ಹಾಕಿದ್ವಿ. ಉದ್ದಂದು ಇದ್ರ ಅವೂ ಒಳಗ ಬಡದ ಕೆಡ್ತಾವ. ವ್ಹೀಲ್ ಅಲೈನ್‌ಮೆಂಟ್ ಮತ್ತ ಮಾಡಿಸಿದ್ವಿ. ಇನ್ಶೂರನ್ಸಿನವರಿಗೂ ತಿಳಿಸಿದ್ವಿ, ಇಲ್ಲೆ ಗಾಡಿ ಬದಲಿ ಮಾಡಿದ್ದ ಹೇಳದ ಇದ್ರ ನಾಳೆ ಕ್ಲೇಮಿಗೆ ಕುತ್ತು.

ಎತ್ತರ ಹೊಂದಿಸೋ ದಿವಸ ಮಗಾ ಅಂಗಳದಾಗ ಟೇಪ್ ಹಿಡಕೊಂಡ ಕೂತಾ. ನಾವ ಮೂರೂ ಮಂದಿ ಗಾಡ್ಯಾಗ. ಅಂವಾ ಅಳಿಯೋದು, ನಾವ ಇಳಿಯೋದು, ಅಂವಾ ಪಾನಾ ತಿರುವೋದು, ನಾವ ಮತ್ತ ಹತ್ತೋದು. ಮೂರನೇ ಸಲಾ ಅವ್ವ, “ನಾ ಏನ ನಿನ್ನ ತೂಕದ ಕಲ್ಲೇನೋ?” ಅಂತ ಬೈದ್ಲು, ಆದ್ರ ಇಳದ ಒಳಗ ಹೋಗ್ಲಿಲ್ಲ. ಮರುದಿನ ಅದ ಹಂಪ್ ಮ್ಯಾಲೆ ಹೋದ್ವಿ. ಅವ್ವನ ಕೈ ನಡಕ್ಕ ಹೋಗ್ಲಿಲ್ಲ. ಗಾಡಿ ಮಾತ್ರ ಮೊದಲಿಗಿಂತ ಎರಡ ಬೊಟ್ಟ ಕೆಳಗ, ಮಗನ ಮಾರಿ ಎರಡ ಬೊಟ್ಟ ಮ್ಯಾಲೆ.

ಹೊಸಾ ರಬ್ಬರ್ ಓಡಿಸಿದಂಗ ಓಡಿಸಿದಂಗ ಒಂಚೂರ ಕೂತ್ಕೋತದ, ಆಮ್ಯಾಲೆ ಮತ್ತೊಮ್ಮೆ ಅಳತಿ ಮಾಡಬೇಕಾಗ್ತದ. ಅವ್ವ ಧಾರವಾಡಕ್ಕ ಹೋಗಿ ಐದ ತಿಂಗಳಾತು. ಮೊನ್ನೆ ಐತವಾರ ಮಗಾ ಫೋನಿನ್ಯಾಗ ಕೇಳಲಿಕ್ಕೆ ಹತ್ತಿದ್ದಾ:

“ಅಜ್ಜಿ, ಯಾವಾಗ ಬರ್ತಿ? ಗಾಡಿ ಅಳತಿ ಬಾಕಿ ಅದ.”