ಚಳಿಗಾಲದಲ್ಲಿ ಕೋಳಿಗೂಡಿನ ಕಿಂಡಿಗಳನ್ನೆಲ್ಲ ಮುಚ್ಚಿ ಕೆಂಡ ಇಡಬೇಕೇ?

ಡಿಸೆಂಬರ್ ಬಂತೆಂದರೆ ಕೋಳಿ ಸಾಕುವವರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಬಗೆಯ ಸಲಹೆಗಳು ಹರಿದಾಡತೊಡಗುತ್ತವೆ. ಚಳಿಗೆ ಕೋಳಿಗಳು ಸಾಯುತ್ತವೆ, ಆದ್ದರಿಂದ ಸಂಜೆಯಾಗುತ್ತಲೇ ಗೂಡಿನ ಕಿಂಡಿಗಳನ್ನೆಲ್ಲ ಮುಚ್ಚಿ, ಮೇಲೆ ಪ್ಲಾಸ್ಟಿಕ್ ಹೊದಿಸಿ, ಒಳಗೆ ಕೆಂಡದ ಬಾಣಲೆ ಇಡಿ ಅಥವಾ ಬಲ್ಬ್ ಹಾಕಿ ಎನ್ನುವುದು ಇವುಗಳ ತಿರುಳು. ಜುಟ್ಟಿಗೆ ವ್ಯಾಸಲೀನ್ ಹಚ್ಚಿ ಎಂಬ ಮಾತೂ ಕೆಲವು ಸಲ ಜೊತೆಗಿರುತ್ತದೆ.

ಹಿತ್ತಲಲ್ಲಿ ಹತ್ತು ಕೋಳಿ ಇಟ್ಟುಕೊಂಡ ಮನೆಗೆ ಅವು ಸಣ್ಣ ಆಸ್ತಿಯಲ್ಲ. ಮಕ್ಕಳಿಗೆ ಮೊಟ್ಟೆ, ಮನೆಯ ಹೆಂಗಸರ ಕೈಖರ್ಚು, ಹಬ್ಬಕ್ಕೆ ಬಂದ ನೆಂಟರಿಗೆ ಊಟ, ಎಲ್ಲವೂ ಅದರಿಂದಲೇ. ಹಾಗಾಗಿ ಇಂಥ ಸಲಹೆಯನ್ನು ಜನ ಕಾಳಜಿಯಿಂದಲೇ ಫಾರ್ವರ್ಡ್ ಮಾಡುತ್ತಾರೆ. ಆದರೆ ಇದರಲ್ಲಿ ನಿಜ ಎಷ್ಟು, ಅಪಾಯ ಎಷ್ಟು? ಒಂದೊಂದಾಗಿ ನೋಡೋಣ.

ಒಂದೇ ಮಾತಿನಲ್ಲಿ ಉತ್ತರ

ಪುಕ್ಕ ತುಂಬಿದ ದೊಡ್ಡ ಕೋಳಿ ನಮ್ಮ ರಾಜ್ಯದ ಚಳಿಯನ್ನು ತಡೆದುಕೊಳ್ಳುತ್ತದೆ. ಅದಕ್ಕೆ ಬೇಕಾದದ್ದು ಒಣಗಿದ ನೆಲ, ಮೈಗೆ ನೇರ ಬೀಸದ ಗಾಳಿ ಮತ್ತು ತಲೆಯ ಮೇಲಿಂದ ಕೆಟ್ಟ ಗಾಳಿ ಹೊರಹೋಗಲು ದಾರಿ. ಹೊರಗಿನಿಂದ ಕಾವು ಬೇಕಿರುವುದು ಮರಿಗಳಿಗೆ. ಮುಚ್ಚಿದ ಗೂಡಿನಲ್ಲಿ ಕೆಂಡ ಇಡುವುದು ಕೋಳಿಗೂ ಅಪಾಯ, ಗೂಡು ಮನೆಗೆ ಅಂಟಿಕೊಂಡಿದ್ದರೆ ಮನೆಯವರಿಗೂ ಅಪಾಯ.

ದೊಡ್ಡ ಕೋಳಿ ಎಷ್ಟು ಚಳಿ ತಡೆಯುತ್ತದೆ?

ಕೋಳಿಯ ಮೈ ಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್, ಅಂದರೆ ನಮ್ಮದಕ್ಕಿಂತ ನಾಲ್ಕು ಡಿಗ್ರಿಯಷ್ಟು ಹೆಚ್ಚು. ಈ ಬಿಸಿಯನ್ನು ಕಾಪಾಡಿಕೊಳ್ಳುವ ವ್ಯವಸ್ಥೆ ಅದರ ಮೈಯಲ್ಲೇ ಇದೆ. ಚಳಿಯಾದಾಗ ಕೋಳಿ ಪುಕ್ಕ ಉಬ್ಬಿಸಿ ಕೂರುವುದನ್ನು ನೀವು ನೋಡಿರುತ್ತೀರಿ. ಪುಕ್ಕಗಳ ನಡುವೆ ಸಿಕ್ಕ ಗಾಳಿ ನಾವು ಹೊದೆಯುವ ರಜಾಯಿಯಂತೆ ಕೆಲಸ ಮಾಡುತ್ತದೆ. ಕಾಲಿನಲ್ಲಿ ಕೆಳಗಿಳಿಯುವ ಬಿಸಿ ರಕ್ತವು ಮೇಲೇರುವ ತಣ್ಣನೆಯ ರಕ್ತಕ್ಕೆ ಶಾಖವನ್ನು ದಾಟಿಸುವುದರಿಂದ, ಪುಕ್ಕವಿಲ್ಲದ ಕಾಲಿನ ಮೂಲಕ ಹೆಚ್ಚು ಶಾಖ ಸೋರುವುದಿಲ್ಲ. ರಾತ್ರಿ ಕೋಲಿನ ಮೇಲೆ ಒತ್ತೊತ್ತಾಗಿ ಕೂತು, ಪಾದಗಳನ್ನು ಹೊಟ್ಟೆಯ ಪುಕ್ಕದೊಳಗೆ ಮುಚ್ಚಿಕೊಂಡರೆ ಅವುಗಳ ಚಳಿಗಾಲದ ತಯಾರಿ ಬಹುಪಾಲು ಮುಗಿಯಿತು.

ಬೀದರ್, ವಿಜಯಪುರ, ಕಲಬುರಗಿ ಕಡೆ ಡಿಸೆಂಬರ್–ಜನವರಿಯ ಕೆಲವು ರಾತ್ರಿಗಳಲ್ಲಿ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ನಮಗೆ ಅದು ನಡುಕ ಹುಟ್ಟಿಸುವ ಚಳಿ. ಒಣಗಿದ ಪುಕ್ಕವಿರುವ, ಹೊಟ್ಟೆ ತುಂಬ ತಿಂದ ಜವಾರಿ ಕೋಳಿಗೆ ಅದು ಸಾವು ತರುವಷ್ಟು ಚಳಿಯಲ್ಲ. ಹಿಮ ಬೀಳುವ ದೇಶಗಳಲ್ಲಿ ಶೂನ್ಯ ಡಿಗ್ರಿಗಿಂತ ಕೆಳಗೂ ಜನ ಹಿತ್ತಲಲ್ಲಿ ಕೋಳಿ ಸಾಕುತ್ತಾರೆ. ಜುಟ್ಟಿಗೆ ವ್ಯಾಸಲೀನ್ ಹಚ್ಚುವ ಸಲಹೆ ಅಂಥ ಕಡೆಯದು. ಅಲ್ಲಿ ಜುಟ್ಟು ಹೆಪ್ಪುಗಟ್ಟಿ ಕಪ್ಪಾಗುವ ಭಯವಿರುತ್ತದೆ. ನಮ್ಮಲ್ಲಿ ಆ ಭಯವಿಲ್ಲ.

ಆದರೆ ಪುಕ್ಕ ಒದ್ದೆಯಾದರೆ ಲೆಕ್ಕ ಬದಲಾಗುತ್ತದೆ. ಒದ್ದೆ ಪುಕ್ಕ ಮೈಗೆ ಅಂಟಿಕೊಳ್ಳುತ್ತದೆ, ನಡುವಿನ ಗಾಳಿ ಹೋಗುತ್ತದೆ, ರಜಾಯಿಯೇ ಇಲ್ಲದಂತಾಗುತ್ತದೆ. ಅದೇ ರಾತ್ರಿ ಮೈಮೇಲೆ ನೇರವಾಗಿ ಗಾಳಿ ಬೀಸಿದರೆ ಗಟ್ಟಿ ಕೋಳಿಯೂ ಸೋಲುತ್ತದೆ. ಮೊದಲೇ ಕಾಯಿಲೆ ಬಿದ್ದದ್ದು, ಪುಕ್ಕ ಉದುರಿಸಿಕೊಂಡು ಬೋಳಾದದ್ದು, ಇವಕ್ಕೂ ಹೆಚ್ಚು ಎಚ್ಚರ ಬೇಕು.

ಗೂಡನ್ನು ಪೂರ್ತಿ ಮುಚ್ಚಿದರೆ ಏನಾಗುತ್ತದೆ?

ಒಂದು ದೊಡ್ಡ ಕೋಳಿ ದಿನಕ್ಕೆ ಸುಮಾರು 200ರಿಂದ 250 ಮಿಲಿ ಲೀಟರ್ ನೀರು ಕುಡಿಯುತ್ತದೆ. ಹತ್ತು ಕೋಳಿಗೆ ಎರಡು ಲೀಟರ್ ದಾಟಿತು. ಈ ನೀರಿನ ಬಹುಪಾಲು ಉಸಿರಿನ ಮೂಲಕ, ಹಿಕ್ಕೆಯ ಮೂಲಕ ಹೊರಬರುತ್ತದೆ. ರಾತ್ರಿಯ ಪಾಲಿನ ತೇವವೆಲ್ಲ ಗೂಡಿನೊಳಗೇ. ಕಿಂಡಿ ಮುಚ್ಚಿ, ಪ್ಲಾಸ್ಟಿಕ್ ಹೊದಿಸಿದ ಗೂಡಿನಲ್ಲಿ ಅದಕ್ಕೆ ಹೋಗಲು ದಾರಿಯಿಲ್ಲ. ಬೆಳಿಗ್ಗೆ ಪ್ಲಾಸ್ಟಿಕ್‌ನ ಒಳಮೈ ಮುಟ್ಟಿ ನೋಡಿ, ಹನಿ ಹನಿ ನೀರು ಕೈಗೆ ಸಿಗುತ್ತದೆ. ಆ ನೀರೇ ಕೋಳಿಯ ಬೆನ್ನ ಮೇಲೆ, ಕೆಳಗಿನ ಹೊಟ್ಟಿನ ಮೇಲೆ ತೊಟ್ಟಿಕ್ಕುತ್ತದೆ. ಚಳಿಯಿಂದ ಕಾಪಾಡಲು ಹಾಕಿದ ಹೊದಿಕೆಯೇ ಕೋಳಿಯನ್ನು ಒದ್ದೆ ಮಾಡುತ್ತದೆ.

ಎರಡನೆಯದು ಅಮೋನಿಯಾ. ಒದ್ದೆ ಹಿಕ್ಕೆಯಲ್ಲಿ ಬ್ಯಾಕ್ಟೀರಿಯಾಗಳು ಬೆಳೆದು ಈ ಅನಿಲವನ್ನು ಬಿಡುತ್ತವೆ. ಕಣ್ಣು, ಮೂಗು ಉರಿಸುವ ಘಾಟು ಇದರದೇ. ಶ್ವಾಸನಾಳದ ಒಳಮೈಯಲ್ಲಿ ಧೂಳು, ರೋಗಾಣುಗಳನ್ನು ಹೊರದೂಡುವ ಸೂಕ್ಷ್ಮ ಕೂದಲುಗಳಿರುತ್ತವೆ. ಅಮೋನಿಯಾ ಅವನ್ನು ಹಾಳು ಮಾಡುತ್ತದೆ. ಆಮೇಲೆ ನೆಗಡಿ, ಉಬ್ಬಸ, ಕಣ್ಣೂತ ಒಂದರ ಹಿಂದೆ ಒಂದು ಬರುತ್ತವೆ. "ಚಳಿಗೆ ಕೋಳಿಗೆ ನೆಗಡಿ ಹಿಡಿಯಿತು" ಎಂದು ನಾವು ಹೇಳುವ ಎಷ್ಟೋ ಸಲ ಅದರ ಹಿಂದೆ ಈ ಕೆಟ್ಟ ಗಾಳಿ ಇರುತ್ತದೆ.

ಪರೀಕ್ಷೆ ಸುಲಭ. ಬೆಳಿಗ್ಗೆ ಗೂಡಿನ ಬಾಗಿಲು ತೆರೆದ ತಕ್ಷಣ ಕುಕ್ಕರುಗಾಲಲ್ಲಿ ಕೂತು, ಕೋಳಿಯ ತಲೆಯ ಎತ್ತರದಲ್ಲಿ ಉಸಿರೆಳೆದು ನೋಡಿ. ಘಾಟು ಮೂಗಿಗೆ ಬಡಿದರೆ ಗಾಳಿ ಸಾಲದು ಎಂದರ್ಥ. ಕಣ್ಣು ಉರಿದರೆ ಈಗಾಗಲೇ ತಡವಾಗಿದೆ.

ಕೆಂಡ ಇಟ್ಟರೆ?

ಕೆಂಡ ಅಥವಾ ಇದ್ದಿಲು ಹೊಗೆಯಿಲ್ಲದೆ ಉರಿಯುವಂತೆ ಕಂಡರೂ ಕಾರ್ಬನ್ ಮಾನಾಕ್ಸೈಡ್ ಬಿಡುತ್ತಲೇ ಇರುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಉಸಿರಾಡುತ್ತಿದ್ದರೂ ಮೈಗೆ ಆಮ್ಲಜನಕ ಸಿಗದು.

ಹಕ್ಕಿಗಳು ಈ ವಿಷಯದಲ್ಲಿ ನಮಗಿಂತ ಸೂಕ್ಷ್ಮ. ಅವುಗಳ ಶ್ವಾಸಕೋಶದ ಜೊತೆಗೆ ಗಾಳಿಚೀಲಗಳಿದ್ದು, ಒಳಗೆ ಬಂದ ಗಾಳಿಯಿಂದ ಬೇಗ ಬೇಗ, ಹೆಚ್ಚು ಹೆಚ್ಚು ಹೀರಿಕೊಳ್ಳುತ್ತವೆ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ಕಾರ್ಮಿಕರು ಪಂಜರದಲ್ಲಿ ಕ್ಯಾನರಿ ಹಕ್ಕಿ ಒಯ್ಯುತ್ತಿದ್ದದ್ದು ಇದೇ ಕಾರಣಕ್ಕೆ. ವಿಷಾನಿಲವಿದ್ದರೆ ಮನುಷ್ಯರಿಗಿಂತ ಮೊದಲು ಹಕ್ಕಿ ಕುಸಿಯುತ್ತಿತ್ತು. ಸ್ಕಾಟ್ಲೆಂಡಿನ ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ ಸೂಚಿಸಿದ ಈ ಪದ್ಧತಿ ಅಲ್ಲಿ 1986ರವರೆಗೂ ಉಳಿದಿತ್ತು.

ನಮ್ಮಲ್ಲಿ ಎಷ್ಟೋ ಕಡೆ ಕೋಳಿಗೂಡು ಮನೆಯ ಗೋಡೆಗೇ ಆತುಕೊಂಡಿರುತ್ತದೆ. ಕೆಲವರು ಮಂಕರಿ ಮುಚ್ಚಿ ಪಡಸಾಲೆಯಲ್ಲೇ ಇಡುತ್ತಾರೆ. ಬಾಗಿಲು ಹಾಕಿದ ಆ ಜಾಗದಲ್ಲಿ ಕೆಂಡ ಇಟ್ಟು ಮಲಗಿದರೆ ಅಪಾಯ ಕೋಳಿಗಷ್ಟೇ ನಿಲ್ಲುವುದಿಲ್ಲ. ತಲೆನೋವು, ತಲೆಸುತ್ತು, ವಾಂತಿ ಇದರ ಮೊದಲ ಲಕ್ಷಣಗಳು. ನಿದ್ದೆಯಲ್ಲಿರುವವರಿಗೆ ಅದು ಗೊತ್ತಾಗುವುದೇ ಇಲ್ಲ. ಇದರ ಜೊತೆಗೆ ಒಣ ಹೊಟ್ಟಿನ ಮೇಲೆ ಒಂದು ಕಿಡಿ ಸಿಡಿದರೂ ಸಾಕು, ಬೆಂಕಿ ಹತ್ತುತ್ತದೆ. ಆದ್ದರಿಂದ ಫಾರ್ವರ್ಡ್‌ನ ಈ ಭಾಗವನ್ನು ಯಾರಿಗೂ ಕಳಿಸಬೇಡಿ.

ಬಲ್ಬ್ ಹಾಕಿದರೆ ಬಿಸಿಯಾಗುತ್ತದೆಯೇ?

ಈ ಸಲಹೆ ಹಳೆಯ ತಂತಿ ಬಲ್ಬಿನ ಕಾಲದ್ದು. 60 ಅಥವಾ 100 ವ್ಯಾಟ್‌ನ ಆ ಬಲ್ಬುಗಳು ಬಳಸುತ್ತಿದ್ದ ವಿದ್ಯುತ್ತಿನ ಬಹುಪಾಲು ಶಾಖವಾಗಿಯೇ ಹೊರಬರುತ್ತಿತ್ತು. ಇಂದು ನಮ್ಮ ಮನೆಗಳಲ್ಲಿರುವುದು 9 ವ್ಯಾಟ್‌ನ ಎಲ್‌ಇಡಿ. ಅದನ್ನು ರಾತ್ರಿಯಿಡೀ ಉರಿಸಿದರೂ ಗೂಡು ಬೆಚ್ಚಗಾಗದು, ಕೋಳಿಗಳ ನಿದ್ದೆ ಕೆಡುತ್ತದೆ ಅಷ್ಟೆ. ದೊಡ್ಡ ಕೋಳಿಗಳಿಗೆ ಶಾಖಕ್ಕಾಗಿ ಬಲ್ಬ್ ಬೇಕಾಗಿಯೇ ಇಲ್ಲ.

ಮರಿಗಳ ಮಾತು ಬೇರೆ

ಫಾರ್ವರ್ಡ್‌ನಲ್ಲಿರುವ ನಿಜ ಇಲ್ಲಿದೆ. ಈಗಷ್ಟೇ ಒಡೆದು ಬಂದ ಮರಿಯ ಮೈಮೇಲೆ ಇರುವುದು ತುಪ್ಪಳ ಮಾತ್ರ. ತನ್ನ ಮೈ ಬಿಸಿಯನ್ನು ತಾನೇ ಕಾಪಾಡಿಕೊಳ್ಳಲು ಅದಕ್ಕೆ ಬಾರದು. ಮೊದಲ ವಾರ ಮರಿಯ ಸುತ್ತ ಸುಮಾರು 35 ಡಿಗ್ರಿ ಕಾವಿರಬೇಕು. ಆಮೇಲೆ ವಾರಕ್ಕೆ 3 ಡಿಗ್ರಿಯಂತೆ ಇಳಿಸುತ್ತ ಹೋಗಬಹುದು. ಐದಾರು ವಾರಕ್ಕೆ ಪುಕ್ಕ ತುಂಬುತ್ತದೆ. ಚಳಿಗಾಲದಲ್ಲಿ ಗಿರಿರಾಜ, ಸ್ವರ್ಣಧಾರ ಮರಿಗಳನ್ನು ತಂದು ನೇರ ಗೂಡಿಗೆ ಬಿಟ್ಟವರು ಮರಿ ಕಳೆದುಕೊಳ್ಳುವುದಕ್ಕೆ ಕಾವಿನ ಕೊರತೆ ದೊಡ್ಡ ಕಾರಣ.

ತಾಯಿ ಕೋಳಿ ಜೊತೆಗಿದ್ದರೆ ಅದಕ್ಕಿಂತ ಒಳ್ಳೆಯ ವ್ಯವಸ್ಥೆ ಇನ್ನೊಂದಿಲ್ಲ. ಇಲ್ಲದಿದ್ದರೆ ತಂತಿ ಬಲ್ಬ್ ಬಳಸಿ, ಮರಿಯೊಂದಕ್ಕೆ ಸುಮಾರು 2 ವ್ಯಾಟ್ ಲೆಕ್ಕ. ಬಲ್ಬನ್ನು ವೈರಿನಿಂದಷ್ಟೇ ನೇತುಹಾಕದೆ ಸರಪಳಿಯಿಂದ ಗಟ್ಟಿಯಾಗಿ ಕಟ್ಟಿ, ಹೊಟ್ಟಿನಿಂದ ಒಂದೂವರೆ ಅಡಿಯಷ್ಟು ಮೇಲಿರಲಿ. ಒಡೆಯದಂತೆ ಟೆಫ್ಲಾನ್ ಲೇಪಿಸಿದ ಬಲ್ಬ್ ಬೇಡ, ಕಾದಾಗ ಅದರಿಂದ ಬರುವ ಹೊಗೆ ಹಕ್ಕಿಗಳಿಗೆ ವಿಷ. ಕರೆಂಟ್ ಹೋಗುವ ಊರಾದರೆ, ಬಿಸಿನೀರು ತುಂಬಿದ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಮರಿಗಳ ನಡುವೆ ಇಡಬಹುದು. ನೀರು ಆರಿದಂತೆ ಬದಲಿಸಬೇಕು.

ಕಾವು ಸರಿಯಾಗಿದೆಯೇ ಎಂದು ಮರಿಗಳೇ ಹೇಳುತ್ತವೆ. ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದು ಚಿಂವ್‌ಗುಟ್ಟುತ್ತಿದ್ದರೆ ಚಳಿಯಾಗಿದೆ. ದೂರ ಸರಿದು ಬಾಯಿ ತೆರೆದಿದ್ದರೆ ಸೆಕೆಯಾಗಿದೆ. ಎಲ್ಲವೂ ಒಂದೇ ಮೂಲೆಗೆ ಒತ್ತಿಕೊಂಡಿದ್ದರೆ ಎದುರು ಕಡೆಯಿಂದ ಗಾಳಿ ನುಗ್ಗುತ್ತಿದೆ. ಹರಡಿಕೊಂಡು ತಿನ್ನುತ್ತ, ಮಲಗುತ್ತ ಇದ್ದರೆ ಎಲ್ಲ ಸರಿಯಿದೆ.

ಮೊಟ್ಟೆ ಕಡಿಮೆಯಾಗುವುದು ಚಳಿಯಿಂದಲೇ?

ಹೆಚ್ಚಾಗಿ ಬೆಳಕಿನಿಂದ. ಹಗಲು ಎಷ್ಟು ಉದ್ದವಿದೆ ಎಂಬುದನ್ನು ಕೋಳಿಯ ಮಿದುಳು ಗುರುತಿಸಿ ಮೊಟ್ಟೆ ಇಡುವ ಹಾರ್ಮೋನುಗಳನ್ನು ಹೆಚ್ಚು ಕಡಿಮೆ ಮಾಡುತ್ತದೆ. ಚೆನ್ನಾಗಿ ಮೊಟ್ಟೆ ಇಡಲು 14ರಿಂದ 16 ತಾಸು ಬೆಳಕು ಬೇಕು. ಡಿಸೆಂಬರ್ ಕೊನೆಗೆ ನಮ್ಮ ರಾಜ್ಯದಲ್ಲಿ ಹಗಲು 11 ತಾಸಿಗಿಂತ ಸ್ವಲ್ಪವೇ ಹೆಚ್ಚಿರುತ್ತದೆ. ಜೊತೆಗೆ ಚಳಿಯಲ್ಲಿ ತಿಂದದ್ದರ ಒಂದು ಪಾಲು ಮೈ ಬೆಚ್ಚಗಿಡಲು ಖರ್ಚಾಗುತ್ತದೆ. ಕೆಂಡ ಇಟ್ಟರೆ ಮೊಟ್ಟೆ ಹೆಚ್ಚುವುದಿಲ್ಲ. ಬೇಕಿದ್ದರೆ ನಸುಕಿನಲ್ಲಿ ಎರಡು ಮೂರು ತಾಸು ಸಣ್ಣ ಎಲ್‌ಇಡಿ ಬಲ್ಬ್ ಹಾಕಬಹುದು. ಕಾವಿಗೆ ಬಾರದ ಆ ಬಲ್ಬ್ ಬೆಳಕಿಗೆ ಧಾರಾಳವಾಗಿ ಸಾಕು.

ಒಂದೇ ಸಲ ಹಲವು ಕೋಳಿ ಸತ್ತರೆ?

ಚಳಿಯ ಮೇಲೆ ತಪ್ಪು ಹೊರಿಸಿ ಸುಮ್ಮನಾಗಬೇಡಿ. ಒಂದೆರಡು ದಿನದಲ್ಲಿ ಸಾಲಾಗಿ ಸತ್ತರೆ, ಹಸಿರು ಅಥವಾ ಬಿಳಿ ಭೇದಿ, ಬಾಯಿ ತೆರೆದು ಉಸಿರಾಟ, ಕತ್ತು ತಿರುಚಿಕೊಳ್ಳುವುದು ಕಂಡರೆ ಅದು ಕೊಕ್ಕರೆ ರೋಗವಿರಬಹುದು. ಉತ್ತರಾಖಂಡದ ಊರೊಂದರ ಹೆಸರಿನಿಂದ ರಾಣಿಖೇತ್ ರೋಗವೆಂದೂ ಕರೆಯುವ ಇದು ವೈರಸ್‌ನಿಂದ ಬರುತ್ತದೆ. ಬಂದ ಮೇಲೆ ಔಷಧವಿಲ್ಲ, ಆದರೆ ಲಸಿಕೆಯಿದೆ. ಮೊದಲ ವಾರದಲ್ಲಿ ಕಣ್ಣಿಗೆ ಅಥವಾ ಮೂಗಿಗೆ ಹನಿ, 6ರಿಂದ 8 ವಾರಕ್ಕೆ ಚುಚ್ಚುಮದ್ದು ಹಾಕಿಸುತ್ತಾರೆ. ಹಕ್ಕಿಜ್ವರವೂ ಹೀಗೆಯೇ ಸಾಲು ಸಾವು ತರಬಲ್ಲದು. ಆದ್ದರಿಂದ ಸತ್ತ ಕೋಳಿಯನ್ನು ತಿನ್ನಬೇಡಿ, ಮಾರಬೇಡಿ, ಹಳ್ಳಕ್ಕೆ ಎಸೆಯಬೇಡಿ. ಬರಿಗೈಯಲ್ಲಿ ಮುಟ್ಟದೆ, ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ. ಸರ್ಕಾರದ ಪಶು ಸಹಾಯವಾಣಿ 1962ಕ್ಕೂ ಕರೆ ಮಾಡಬಹುದು.

ಹಾಗಾದರೆ ಗೂಡು ಹೇಗಿರಬೇಕು?

• ಗಾಳಿ: ಚಳಿಗಾಲದಲ್ಲಿ ನಮ್ಮ ಕಡೆ ಗಾಳಿ ಹೆಚ್ಚಾಗಿ ಪೂರ್ವ, ಈಶಾನ್ಯದಿಂದ ಬೀಸುತ್ತದೆ. ಆ ಬದಿಗೆ ಗೋಣಿ ತಾಟು ಕಟ್ಟಿ. ತಾಟು ಕೆಳಗಿನಿಂದ ಮೇಲಕ್ಕೆ ಬರಲಿ, ಸೂರಿನ ಕೆಳಗೆ ಅರ್ಧದಿಂದ ಒಂದು ಅಡಿ ತೆರೆದಿರಲಿ. ಆ ಜಾಗಕ್ಕೆ ಸಣ್ಣ ಕಣ್ಣಿನ ಜಾಲರಿ ಹೊಡೆದರೆ ಮುಂಗುಸಿ, ಕಾಡುಬೆಕ್ಕು, ಹಾವು ನುಗ್ಗುವುದಿಲ್ಲ. ಕೋಳಿ ಕೂರುವ ಎತ್ತರದಲ್ಲಿ ಹಗಲು ಹೊತ್ತು ಊದುಬತ್ತಿ ಹಿಡಿದು ನೋಡಿ. ಹೊಗೆ ಮೆಲ್ಲಗೆ ಮೇಲೇರಬೇಕು, ಅಡ್ಡಕ್ಕೆ ಓಡಬಾರದು.

• ನೆಲ: ಭತ್ತದ ಅಥವಾ ಶೇಂಗಾ ಹೊಟ್ಟನ್ನು ನಾಲ್ಕು ಇಂಚು ದಪ್ಪ ಹರಡಿ, ಎರಡು ಮೂರು ದಿನಕ್ಕೊಮ್ಮೆ ಕೆದಕಿ. ಮುಷ್ಟಿಯಲ್ಲಿ ಹಿಡಿದು ಅದುಮಿದಾಗ ಉಂಡೆಯಾಗಿ ನಿಂತರೆ ತೇವ ಹೆಚ್ಚಾಗಿದೆ, ಬದಲಿಸಿ. ಬೂಸ್ಟು ಹಿಡಿದ ಹೊಟ್ಟು ಬೇಡವೇ ಬೇಡ.

• ಕೂರುವ ಕೋಲು: ಕಬ್ಬಿಣದ ಪೈಪಿಗಿಂತ ಮರದ ಪಟ್ಟಿ ಒಳ್ಳೆಯದು. ಎರಡು ಇಂಚು ಅಗಲವಿದ್ದರೆ ಪಾದ ಚಪ್ಪಟೆಯಾಗಿ ಊರಿ, ಬೆರಳುಗಳು ಪುಕ್ಕದೊಳಗೆ ಮುಚ್ಚಿಕೊಳ್ಳುತ್ತವೆ.

• ಮೇವು: ಸಂಜೆ ಗೂಡಿಗೆ ಸೇರಿಸುವ ಮೊದಲು ಒಂದು ಹಿಡಿ ಜೋಳ ಅಥವಾ ಮೆಕ್ಕೆಜೋಳ ಹೆಚ್ಚಿಗೆ ಹಾಕಿ. ರಾತ್ರಿಯಿಡೀ ಅದು ಅರಗುವಾಗ ಮೈಗೆ ಬಿಸಿ ಸಿಗುತ್ತದೆ. ಬೆಳಿಗ್ಗೆ ಕೊರೆಯುವ ನೀರಿನ ಬದಲು ಉಗುರುಬೆಚ್ಚಗಿನ ನೀರು ಇಡಿ. ನೀರಿನ ಪಾತ್ರೆ ರಾತ್ರಿ ಗೂಡಿನ ಹೊರಗಿರಲಿ.

ನಮ್ಮ ತೀರ್ಮಾನ

ಚಳಿಗಾಲದಲ್ಲಿ ಕೋಳಿಗೂಡನ್ನು ಪೂರ್ತಿ ಮುಚ್ಚಿ ಕೆಂಡ ಇಡಬೇಕೆಂಬುದು ತಪ್ಪು ಮತ್ತು ಅಪಾಯಕಾರಿ ಸಲಹೆ. ಮರಿಗಳಿಗೆ ಕಾವು ಬೇಕೆಂಬುದು ನಿಜ. ದೊಡ್ಡ ಕೋಳಿಗಳಿಗೆ ಮಾತ್ರ ಕೆಳಗೆ ಮುಚ್ಚಿ, ಮೇಲೆ ತೆರೆದು, ನೆಲ ಒಣಗಿಸಿದರೆ ಸಾಕು. ನಿಮ್ಮ ಗುಂಪಿನಲ್ಲಿ ಕೆಂಡದ ಸಲಹೆ ಬಂದರೆ ಕಳಿಸಿದವರನ್ನು ಗೇಲಿ ಮಾಡಬೇಡಿ, ಅವರೂ ಒಳ್ಳೆಯದಕ್ಕೇ ಕಳಿಸಿರುತ್ತಾರೆ. ಅದರ ಕೆಳಗೆ ಈ ಲೇಖನವನ್ನು ಹಾಕಿ. ಇವತ್ತು ರಾತ್ರಿ ಯಾರದೋ ಪಡಸಾಲೆಯಲ್ಲಿ ಒಂದು ಕೆಂಡದ ಬಾಣಲೆ ಕಡಿಮೆಯಾದರೂ ಅದೇ ದೊಡ್ಡದು.