ಹಳೆಯ ಡೀಸೆಲ್ ಕಾರುಗಳ ಹೊಗೆ ಮತ್ತು ಎಳೆತದ ಕುಸಿತ: ವಾಹನ ಮಾಲೀಕರಿಗೆ ಮಾಹಿತಿ

ಕಲ್ಯಾಣ ನಗರ, ಬಾಣಸವಾಡಿ, ಇಂದಿರಾನಗರ, ಕೆ.ಆರ್.ಪುರ ಮುಂತಾದ ಪ್ರದೇಶಗಳಲ್ಲಿ ಹಳೆಯ ಡೀಸೆಲ್ ಕಾರುಗಳನ್ನು ಹೊಂದಿರುವ ನಾಗರಿಕರು ಮಾಲಿನ್ಯ ನಿಯಂತ್ರಣ ಪ್ರಮಾಣ ಪತ್ರ ಪಡೆಯುವ ಮುನ್ನ ಹಾಗೂ ನೋಂದಣಿ ನವೀಕರಣಕ್ಕೆ ಅರ್ಜಿ ಸಲ್ಲಿಸುವ ಮುನ್ನ ಗಮನಿಸಬೇಕಾದ ಅಂಶಗಳನ್ನು ಇಲ್ಲಿ ನೀಡಲಾಗಿದೆ.

1. ನಿಯಮಗಳು

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 115ರನ್ವಯ ಡೀಸೆಲ್ ವಾಹನದ ಹೊಗೆಯ ಸಾಂದ್ರತೆಯು ನಿಗದಿತ ಮಿತಿಯೊಳಗಿರತಕ್ಕದ್ದು. ಭಾರತ್ ಸ್ಟೇಜ್-4ಕ್ಕಿಂತ ಹಿಂದಿನ ವಾಹನಗಳಿಗೆ ಈ ಮಿತಿ 65 ಹಾರ್ಟ್ರಿಜ್ ಏಕಮಾನ. ಭಾರತ್ ಸ್ಟೇಜ್-4 ವಾಹನಗಳಿಗೆ 50. ಬೆಂಗಳೂರಿನಲ್ಲಿ ಹೊಸ ಕಾರುಗಳಿಗೆ ಸ್ಟೇಜ್-3 ಮಾನದಂಡವು 2005ರಲ್ಲಿ, ಸ್ಟೇಜ್-4 ಮಾನದಂಡವು 2010ರಲ್ಲಿ ಜಾರಿಗೆ ಬಂದಿತು. ಪ್ರಮಾಣ ಪತ್ರದ ಅವಧಿಯು ಹಿಂದಿನ ವಾಹನಗಳಿಗೆ 6 ತಿಂಗಳು. ಸ್ಟೇಜ್-4 ಮತ್ತು ನಂತರದವುಗಳಿಗೆ 12 ತಿಂಗಳು.

ತಪಾಸಣೆಯ ವೇಳೆ ಬಿಸಿಯಾದ ಇಂಜಿನ್ನಿನ ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಆಕ್ಸಿಲರೇಟರನ್ನು ಗರಿಷ್ಠ ವೇಗದವರೆಗೆ ಹಲವು ಬಾರಿ ಒತ್ತಿ ಹೊಗೆಯನ್ನು ಅಳೆಯಲಾಗುತ್ತದೆ. ಆದುದರಿಂದ ದೋಷವಿರುವ ಇಂಜಿನ್ನನ್ನು ನೇರವಾಗಿ ತಪಾಸಣೆಗೆ ಒಡ್ಡುವುದು ಸೂಕ್ತವಲ್ಲ. ಇಂಜಿನ್ ಆಯಿಲ್ ಮಟ್ಟವನ್ನು ಹಾಗೂ ಟೈಮಿಂಗ್ ಬೆಲ್ಟ್ ಬದಲಾಯಿಸಿದ ದಿನಾಂಕವನ್ನು ಮುಂಚಿತವಾಗಿ ಪರಿಶೀಲಿಸತಕ್ಕದ್ದು.

2. ಹೊಗೆಯ ಬಣ್ಣದಿಂದ ದೋಷ ಪತ್ತೆ

(ಅ) ಕಪ್ಪು ಹೊಗೆ: ಡೀಸೆಲ್ ಪೂರ್ಣವಾಗಿ ಉರಿಯುತ್ತಿಲ್ಲ, ಗಾಳಿ ಸಾಲದು ಅಥವಾ ಡೀಸೆಲ್ ಹೆಚ್ಚಾಗಿದೆ ಎಂಬುದು ಇದರ ಅರ್ಥ. ಧೂಳು ತುಂಬಿದ ಏರ್ ಫಿಲ್ಟರ್, ಬಿರುಕು ಬಿಟ್ಟ ಟರ್ಬೊ ಕೊಳವೆ, ತೆರೆದೇ ಉಳಿದ ಇ.ಜಿ.ಆರ್. ಕವಾಟ, ಸಿಂಪಡಿಸುವ ಬದಲು ತೊಟ್ಟಿಕ್ಕುವ ಇಂಜೆಕ್ಟರ್ ಮುಖ್ಯ ಕಾರಣಗಳು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದು, ಇಲ್ಲಿ ವಾಯುವಿನ ಒತ್ತಡ ಸುಮಾರು ಶೇಕಡ 10ರಷ್ಟು ಕಡಿಮೆ. ಟರ್ಬೊ ಇಲ್ಲದ ಹಳೆಯ ಡೀಸೆಲ್ ಇಂಜಿನ್‌ಗಳಿಗೆ ಇದರಿಂದ ಗಾಳಿ ಮೊದಲೇ ಕಡಿಮೆ ದೊರೆಯುವುದರಿಂದ ಫಿಲ್ಟರಿನ ಧೂಳು ಬೇಗನೆ ಪರಿಣಾಮ ತೋರುತ್ತದೆ.

(ಆ) ಬಿಳಿ ಹೊಗೆ: ಡಿಸೆಂಬರ್-ಜನವರಿ ಮುಂಜಾನೆ ಕಾಣುವ ತೆಳು ಆವಿ ಕೆಲವೇ ನಿಮಿಷಗಳಲ್ಲಿ ಮಾಯವಾದರೆ ಅದು ದೋಷವಲ್ಲ. ಕಣ್ಣುರಿಸುವ, ಡೀಸೆಲ್ ವಾಸನೆಯ ಬಿಳಿ ಹೊಗೆಯು ಕೆಟ್ಟ ಹೀಟರ್ ಪ್ಲಗ್, ಇಂಜೆಕ್ಷನ್ ಟೈಮಿಂಗ್ ವ್ಯತ್ಯಾಸ ಅಥವಾ ಕಂಪ್ರೆಷನ್ ಇಳಿಕೆಯನ್ನು ಸೂಚಿಸುತ್ತದೆ. ಇಂಜಿನ್ ಬಿಸಿಯಾದ ನಂತರವೂ ಬಿಳಿ ಹೊಗೆ ಮುಂದುವರಿದು, ಕೂಲೆಂಟ್ ಇಳಿಯುತ್ತಿದ್ದಲ್ಲಿ ಹೆಡ್ ಗ್ಯಾಸ್ಕೆಟ್ ಸೋರಿಕೆಯ ಸಂಭವವಿದ್ದು, ವಾಹನ ಚಾಲನೆಯನ್ನು ನಿಲ್ಲಿಸತಕ್ಕದ್ದು. ಬಿಸಿ ರೇಡಿಯೇಟರಿನ ಮುಚ್ಚಳ ತೆರೆಯಬಾರದು.

(ಇ) ನೀಲಿ ಹೊಗೆ: ಇಂಜಿನ್ ಆಯಿಲ್ ಉರಿಯುತ್ತಿದೆ. ಸವೆದ ಪಿಸ್ಟನ್ ರಿಂಗ್, ವಾಲ್ವ್ ಸೀಲ್, ಟರ್ಬೊ ಸೀಲ್ ಅಥವಾ ಮಿತಿಮೀರಿ ತುಂಬಿದ ಆಯಿಲ್ ಕಾರಣವಾಗಿರಬಹುದು. ಇಂತಹ ಇಂಜಿನ್ ತನ್ನದೇ ಆಯಿಲನ್ನು ಹೀರಿಕೊಂಡು, ಕೀಲಿ ತೆಗೆದರೂ ನಿಲ್ಲದೆ ಓಡುವ ಅಪಾಯವಿರುತ್ತದೆ. ದುರಸ್ತಿಯಾಗುವವರೆಗೆ ವಾಹನವನ್ನು ಹೊಗೆ ತಪಾಸಣೆಗೆ ಒಯ್ಯಬಾರದು.

3. ಹೊಗೆಯಿಲ್ಲದೆ ಎಳೆತ ಕುಸಿದಲ್ಲಿ

ಹೊರ ವರ್ತುಲ ರಸ್ತೆಯ ಮೇಲ್ಸೇತುವೆ ಏರುವಾಗ ಕಾರು ಹಿಂಜರಿದು, ಹೊಗೆ ಕಾಣದಿದ್ದಲ್ಲಿ ಇಂಜಿನ್ನಿಗೆ ಡೀಸೆಲ್ ತಲುಪುತ್ತಿಲ್ಲದಿರಬಹುದು. ಕಟ್ಟಿಕೊಂಡ ಡೀಸೆಲ್ ಫಿಲ್ಟರ್, ಅದರಲ್ಲಿ ಸೇರಿದ ನೀರು, ಗಾಳಿ ಎಳೆಯುವ ಡೀಸೆಲ್ ಪೈಪು ಇವುಗಳನ್ನು ಪರೀಕ್ಷಿಸಬೇಕು. ಇಂಜಿನ್ ವೇಗ ಏರಿದರೂ ಕಾರು ಮುಂದೆ ಸಾಗದಿದ್ದರೆ ಕ್ಲಚ್ ಜಾರುತ್ತಿರಬಹುದು. ಓಡಿಸಿದ ನಂತರ ಒಂದು ಚಕ್ರ ಮಾತ್ರ ವಿಪರೀತ ಬಿಸಿಯಾಗಿದ್ದರೆ ಬ್ರೇಕ್ ಹಿಡಿದುಕೊಂಡಿರುತ್ತದೆ.

4. ಪರಿಶೀಲನೆಯ ಕ್ರಮ

ಕಡಿಮೆ ಖರ್ಚಿನಿಂದ ಹೆಚ್ಚಿನ ಖರ್ಚಿನ ಕಡೆಗೆ ಸಾಗುವುದು ಒಳ್ಳೆಯದು: ಮೊದಲು ಏರ್ ಫಿಲ್ಟರ್ ಮತ್ತು ಡೀಸೆಲ್ ಫಿಲ್ಟರ್, ನಂತರ ಕೊಳವೆಗಳು, ಆ ಬಳಿಕ ಇ.ಜಿ.ಆರ್. ಶುಚಿ, ಇಂಜೆಕ್ಟರ್ ಪರೀಕ್ಷೆ. ಕಡೆಗೆ ಕಂಪ್ರೆಷನ್ ಪರೀಕ್ಷೆ. ಕಂಪ್ರೆಷನ್ ಅಳೆಯದೆ ಇಂಜಿನ್ ಬಿಚ್ಚಲು ಒಪ್ಪಬಾರದು.

5. ವಿಶೇಷ ಸೂಚನೆ

ತಪಾಸಣೆಯಲ್ಲಿ ಉತ್ತೀರ್ಣವಾಗಲೆಂದು ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಪ್ರಮಾಣ ಇಳಿಸುವ ಪದ್ಧತಿ ಹಳೆಯ ಕಾರುಗಳಲ್ಲಿ ಕಂಡುಬರುತ್ತದೆ. ಇದರಿಂದ ಹೊಗೆ ತಾತ್ಕಾಲಿಕವಾಗಿ ಇಳಿದರೂ ಎಳೆತ ಕುಸಿಯುತ್ತದೆ. ಮೂಲ ದೋಷ ಹಾಗೆಯೇ ಉಳಿಯುತ್ತದೆ. ಸ್ಕ್ರೂವನ್ನು ಮತ್ತೆ ಹಿಂದಕ್ಕೆ ತಿರುಗಿಸಿದರೆ ಹೊಗೆ ಮೊದಲಿನಂತಾಗುತ್ತದೆ. ಡೀಸೆಲ್ ಹೊಗೆಯು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2012ರಲ್ಲಿ ವರ್ಗೀಕರಿಸಿದೆ. ಆ ಹೊಗೆಯನ್ನು ಮೊದಲು ಉಸಿರಾಡುವವರು ಅದೇ ಬೀದಿಯ ನಿವಾಸಿಗಳು.

6. ನೋಂದಣಿ ನವೀಕರಣ

ಖಾಸಗಿ ಕಾರಿನ ನೋಂದಣಿ 15 ವರ್ಷಗಳವರೆಗೆ ಊರ್ಜಿತವಾಗಿದ್ದು, ತದನಂತರ ವಾಹನದ ತಪಾಸಣೆಗೆ ಒಳಪಟ್ಟು 5 ವರ್ಷಗಳಿಗೆ ನವೀಕರಿಸಬಹುದಾಗಿದೆ. ನಮೂನೆ 25ರಲ್ಲಿ ಅರ್ಜಿಯನ್ನು ಅವಧಿ ಮುಗಿಯುವ ಮುನ್ನ 60 ದಿನಗಳೊಳಗೆ ಸಲ್ಲಿಸಬೇಕು. ದುರಸ್ತಿಗೆ ಕಾಲಾವಕಾಶ ದೊರೆಯುವಂತೆ ಮೇಲಿನ ಪರಿಶೀಲನೆಯನ್ನು ಅದಕ್ಕೂ ಮೊದಲೇ ಮುಗಿಸುವುದು ಸೂಕ್ತ. 10 ವರ್ಷ ಮೀರಿದ ಡೀಸೆಲ್ ವಾಹನಗಳ ಕುರಿತು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2015ರಲ್ಲಿ ಹೊರಡಿಸಿದ ಆದೇಶವು ದೆಹಲಿ ರಾಜಧಾನಿ ವಲಯಕ್ಕೆ ಸಂಬಂಧಿಸಿದ್ದಾಗಿದೆ. ಆ ಆದೇಶವನ್ನು ಬೆಂಗಳೂರಿಗೂ ಅನ್ವಯವೆಂದು ಭಾವಿಸಿ ಸುಸ್ಥಿತಿಯಲ್ಲಿರುವ ಕಾರನ್ನು ಅವಸರದಲ್ಲಿ ಮಾರುವ ಅಗತ್ಯವಿಲ್ಲ.

ಹೆಚ್ಚಿನ ಮಾಹಿತಿಗಾಗಿ ನಾಗರಿಕರು ತಮ್ಮ ವಾಹನ ನೋಂದಣಿಯಾಗಿರುವ ವ್ಯಾಪ್ತಿಯ ಪ್ರಾದೇಶಿಕ ಸಾರಿಗೆ ಕಛೇರಿಯನ್ನು (ಬೆಂಗಳೂರು ಪೂರ್ವ, ಕಸ್ತೂರಿನಗರ, ಕೆ.ಎ-03, ಕೆ.ಆರ್.ಪುರ, ಕೆ.ಎ-53) ಸಂಪರ್ಕಿಸಲು ಕೋರಲಾಗಿದೆ.